ಅಜ್ಜನ ರ‍್ಯಾಲಿಗೆ ಮೂರು ಗೇರು

ಮಳೆಗಾಲದಲ್ಲಿ ಅಜ್ಜನ ಸೈಕಲ್ಲಿಗೆ ಬ್ರೇಕ್ ಹಿಡಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಜೂನ್ ಬಂತೆಂದರೆ ಇಳಿಜಾರು ಶುರುವಾಗುವ ಮೊದಲೇ ಅಜ್ಜ ಇಳಿದುಬಿಡುತ್ತಿದ್ದರು. ಹ್ಯಾಂಡಲ್ ಹಿಡಿದುಕೊಂಡು ನಡೆಯುತ್ತಿದ್ದರು. ಏರು ಬಂದರೆ ಹೇಗೂ ತಳ್ಳಲೇಬೇಕು. ಸಾಗರದಿಂದ ನಮ್ಮ ಊರಿಗೆ ಎಂಟು ಕಿಲೋಮೀಟರ್. ಅದರಲ್ಲಿ ಎಷ್ಟು ದೂರ ಸೈಕಲ್ ನಿಮ್ಮನ್ನು ಹೊತ್ತಿತು, ಎಷ್ಟು ದೂರ ನೀವು ಸೈಕಲ್ಲನ್ನು ನಡೆಸಿಕೊಂಡು ಬಂದಿರಿ ಅಂತ ಅಜ್ಜಿ ಕೇಳುತ್ತಿದ್ದರು.

ಸೈಕಲ್ ರ‍್ಯಾಲಿ ಕಂಪನಿಯದು. 1956ರಲ್ಲಿ, ರಾಜ್ಯ ಒಂದಾದ ವರ್ಷ, ಶಿವಮೊಗ್ಗದಲ್ಲಿ ಕೊಂಡದ್ದು. ಮುಂದಿನ ಬಿಲ್ಲೆಯ ಮೇಲೆ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಎಂದಿದೆ. ಕಪ್ಪು ಬಣ್ಣ, ಇಪ್ಪತ್ತೆಂಟು ಇಂಚಿನ ಗಾಲಿ, ರಾಡ್ ಬ್ರೇಕು, ಸ್ಪ್ರಿಂಗಿನ ಬ್ರೂಕ್ಸ್ ಸೀಟು. ಅಜ್ಜ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಕೊಟ್ಟಿಗೆಯ ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಕೂತಿತ್ತು. ದೀಪಾವಳಿಗೆ ಊರಿಗೆ ಹೋದಾಗ ಕೆಳಗೆ ಇಳಿಸಿದೆ.

ಇದನ್ನು ತೊಳೆದು, ಪಾಲಿಶ್ ಹಾಕಿ, ಜಗಲಿಯಲ್ಲಿ ನಿಲ್ಲಿಸಿ ಅಂತ ಬಹಳ ಜನ ಹೇಳಿದರು. ನನಗೆ ಅದು ಬೇಡವಾಗಿತ್ತು. ಈಗ ಊರಲ್ಲೇ ಇದ್ದೇನೆ. ದಿನಾ ಪೇಟೆಗೆ ಇದರಲ್ಲೇ ಹೋಗಬೇಕು, ಮಳೆಯಲ್ಲೂ ಹೋಗಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಬೇಕಾದದ್ದು ಎರಡೇ. ಒದ್ದೆಯಾದರೂ ಹಿಡಿಯುವ ಬ್ರೇಕು, ಏರು ಹತ್ತಿಸುವ ಗೇರು. ಒಂದು ಕಟ್ಟುಪಾಡನ್ನೂ ಹಾಕಿಕೊಂಡೆ. ಫ್ರೇಮಿಗೆ ಗರಗಸ ಇಲ್ಲ, ಡ್ರಿಲ್ ಇಲ್ಲ, ವೆಲ್ಡಿಂಗ್ ಇಲ್ಲ, ಬಣ್ಣವೂ ಇಲ್ಲ. ತೆಗೆದ ಒಂದು ವಾಷರನ್ನೂ ಎಸೆಯುವುದಿಲ್ಲ. ಮುಂದೆ ಯಾರಿಗಾದರೂ ಹಳೆಯ ರೂಪವೇ ಬೇಕು ಅನ್ನಿಸಿದರೆ ಒಂದು ಭಾನುವಾರದಲ್ಲಿ ಹಿಂದಕ್ಕೆ ಹೋಗುವಂತಿರಬೇಕು.

ಬಿಚ್ಚುವ ಕೆಲಸಕ್ಕೇ ಎರಡು ವಾರ ಹಿಡಿಯಿತು. ಮಲೆನಾಡಿನ ಗಾಳಿಯಲ್ಲೇ ನೀರಿರುತ್ತದೆ, ಅಲ್ವಾ? ಪ್ರತಿ ನಟ್ಟೂ ಬೋಲ್ಟಿಗೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ. ಡೀಸೆಲ್ಲನ್ನೇ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಬೆಳಿಗ್ಗೆ ಸಂಜೆ ಹಚ್ಚಿದೆ. ಎಲ್ಲಕ್ಕಿಂತ ಹಟ ಮಾಡಿದ್ದು ಪೆಡಲ್ ಕಾಲಿನ ಕಾಟರ್ ಪಿನ್. ಅದು ಒಂದು ಕಡೆ ಇಳಿಜಾರಾಗಿ ಚಪ್ಪಟೆ ಮಾಡಿದ ಉಕ್ಕಿನ ಗೂಟ. ಪೆಡಲ್ ಕಾಲನ್ನೂ, ಅಂದರೆ ಕ್ರ್ಯಾಂಕನ್ನೂ, ನಡುವಿನ ಅಚ್ಚನ್ನೂ ಸೇರಿಸಿ ಹಿಡಿಯುವುದು ಅದೇ. ನಾನು ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಹೊಡೆಯುತ್ತಲೇ ಇದ್ದೆ. ಪಿನ್ನಿನ ತಲೆ ಅಣಬೆಯ ಹಾಗೆ ಅರಳಲು ಶುರುವಾಯಿತು.

ಕೊನೆಗೆ ಪೇಟೆಯ ಹಳೇ ಸೈಕಲ್ ಶಾಪಿಗೆ ಹೊತ್ತುಕೊಂಡು ಹೋದೆ. ಅಲ್ಲಿನ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಈಗ ಜಾಸ್ತಿ ಪಂಕ್ಚರ್ ಕೆಲಸ ಮಾತ್ರ. "ತಮ್ಮಾ, ಹತ್ತು ಸಣ್ಣ ಏಟು ಹೊಡೆದರೆ ಪಿನ್ನು ಬಗ್ಗುತ್ತದೆ. ಒಂದೇ ದೊಡ್ಡ ಏಟಿಗೆ ಹೊರಗೆ ಬರುತ್ತದೆ" ಅಂದರು. ನಟ್ಟನ್ನು ಪೂರ್ತಿ ತೆಗೆಯಲಿಲ್ಲ. ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿದರು. ಹಾಗೆ ಮಾಡಿದರೆ ಏಟು ಬೀಳುವಾಗ ಥ್ರೆಡ್ ಹಾಳಾಗುವುದಿಲ್ಲ. ಕ್ರ್ಯಾಂಕಿನ ಕೆಳಗೆ ಒಂದು ಕಬ್ಬಿಣದ ಪೈಪನ್ನು ನಿಲ್ಲಿಸಿದರು. ಪೈಪಿನ ಬುಡ ಕಲ್ಲಿನ ಮೇಲೆ. ಆಮೇಲೆ ಒಂದೇ ಏಟು. ಪೈಪಿನೊಳಗೆ ಪಿನ್ನು ಬಿದ್ದ ಸದ್ದು ಕೇಳಿತು. ಕೆಳಗೆ ಆಧಾರ ಇಲ್ಲದೆ ಹೊಡೆದರೆ ಏಟೆಲ್ಲ ಒಳಗಿನ ಗುಂಡುಗಳ ಮೇಲೆ ಬೀಳುತ್ತದೆ. ಗುಂಡು ಕೂರುವ ಬಟ್ಟಲಿನಲ್ಲಿ, ಅಂದರೆ ಕಪ್ಪಿನಲ್ಲಿ, ಗುಳಿ ಬೀಳುತ್ತದೆ. ಹಳೇ ಸೈಕಲ್ ಬಿಚ್ಚುವವರು ಈ ಒಂದು ವಿಷಯವನ್ನಾದರೂ ನೆನಪಿಡಿ.

ಅಚ್ಚಿನ ಜಾಗಕ್ಕೆ ಗುಂಡುಗಳನ್ನು ಒಳಗೇ ಮುಚ್ಚಿಟ್ಟ ಹೊಸ ಸೀಲ್ಡ್ ಬೇರಿಂಗ್ ಹಾಕುವ ಯೋಚನೆ ಇತ್ತು. ಆಗುವುದಿಲ್ಲ ಅಂತ ಬಿಚ್ಚಿದ ಮೇಲೆ ಗೊತ್ತಾಯಿತು. ಬೇರೆ ಇಂಗ್ಲಿಷ್ ಸೈಕಲ್ಲುಗಳ ಕಪ್ಪಿಗೆ ಇಂಚಿಗೆ 24 ಥ್ರೆಡ್ ಇದ್ದರೆ ರ‍್ಯಾಲಿ ತನ್ನದಕ್ಕೆ 26 ಹಾಕುತ್ತಿತ್ತು. ಇವತ್ತು ಅಂಗಡಿಯಲ್ಲಿ ಸಿಗುವುದು ಯಾವುದೂ ಅದರೊಳಗೆ ಹೋಗದು. ಅದೃಷ್ಟಕ್ಕೆ ಹಳೆಯ ಕಪ್ಪುಗಳು ಕನ್ನಡಿಯ ಹಾಗಿದ್ದವು. ಕಪ್ಪಿಗೆ 11ರಂತೆ ಕಾಲಿಂಚಿನ ಹೊಸ ಗುಂಡು, ಹೊಸ ಗ್ರೀಸು. ಅಷ್ಟೇ ಸಾಕಾಯಿತು.

ಅಲ್ಲದೆ ಆ ಕ್ರ್ಯಾಂಕನ್ನು ಬದಲಿಸುವ ಮನಸ್ಸೂ ನನಗಿರಲಿಲ್ಲ. ಅದರ ಹಲ್ಲಿನ ಚಕ್ರದ ಒಳಗೆ ಕೊಕ್ಕರೆಗಳಿವೆ. ಕೊಕ್ಕರೆ ರ‍್ಯಾಲಿಯ ಗುರುತು. ಉಕ್ಕಿನ ಹಾಳೆಯಲ್ಲೇ ಕತ್ತರಿಸಿದ ಉದ್ದ ಕೊಕ್ಕು, ಬಾಗಿದ ಕತ್ತು. ಚಿಕ್ಕವನಿದ್ದಾಗ ಸೈಕಲ್ ಸ್ಟ್ಯಾಂಡ್ ಹಾಕಿದ್ದರೆ ನಾನು ಕೂತು ಪೆಡಲನ್ನು ಕೈಯಲ್ಲಿ ತಿರುಗಿಸುತ್ತಿದ್ದೆ. ನಿಧಾನಕ್ಕೆ ತಿರುಗಿಸಿದರೆ ಕೊಕ್ಕರೆಗಳು ಒಂದರ ಹಿಂದೆ ಒಂದು ಬರುತ್ತವೆ. ಜೋರಾಗಿ ತಿರುಗಿಸಿದರೆ ಬರೀ ಬೆಳ್ಳಗಿನ ಉಂಗುರ. ಗದ್ದೆಯಲ್ಲಿ ಕೂತಿದ್ದವು ಹಾರಿಹೋದವು ಅಂತ ಅಜ್ಜ ಹೇಳುತ್ತಿದ್ದರು. ಹಲ್ಲು ಎಣಿಸಿದೆ, 46. ಒಂದೂ ಮುರಿದಿರಲಿಲ್ಲ.

ಬಿಚ್ಚುತ್ತಾ ಹೋದಂತೆ ಇನ್ನೊಂದು ವಿಷಯ ತಿಳಿಯಿತು. ಈ ಸೈಕಲ್ಲಿನ ಹಿಂದಿನ ಗಾಲಿ ಇಂಗ್ಲೆಂಡಿನದಲ್ಲ. ಮುಂದಿನ ರಿಮ್ಮಿನ ಮೇಲೆ ಇಂಗ್ಲೆಂಡಿನ ಮುದ್ರೆ ಇದೆ. ಹಿಂದಿನದು ನಮ್ಮ ದೇಶದ್ದು. ಕಡ್ಡಿಗಳಲ್ಲಿ ಮೂರು ದಪ್ಪದವು ಇದ್ದವು. ಬೇರೆ ಬೇರೆ ವರ್ಷದಲ್ಲಿ ಮುರಿದಂತೆ ಒಂದೊಂದೇ ಹಾಕಿಸಿದ್ದಿರಬೇಕು. ಸೀಟಿನ ಕಂಬ ಸಡಿಲ ಆಗಬಾರದು ಅಂತ ಪೌಡರ್ ಡಬ್ಬದ ತಗಡನ್ನು ಕತ್ತರಿಸಿ ಸುತ್ತಿದ್ದರು. ತಗಡಿನ ಮೇಲೆ ಗುಲಾಬಿ ಹೂವಿನ ಅರ್ಧ ಇನ್ನೂ ಕಾಣುತ್ತದೆ. ಕ್ಯಾರಿಯರ್ ಕುಲುಮೆಯಲ್ಲಿ ಮಾಡಿಸಿದ್ದು, ಎರಡು ಅಡಿಕೆ ಚೀಲ ತಡೆಯುವಷ್ಟು ಗಟ್ಟಿ. ಅಜ್ಜ ಇದನ್ನು ಹಾಗೇ ಇಟ್ಟುಕೊಂಡಿದ್ದವರಲ್ಲ. ಓಡಿಸುವುದಕ್ಕೆ ಏನು ಬೇಕೋ ಅದನ್ನು ಆಗಾಗ ಮಾಡಿಸಿಕೊಂಡು ಬಂದವರು. ಅದನ್ನು ನೋಡಿದ ಮೇಲೆ ಗಾಲಿ ಬದಲಿಸುವುದರ ಬಗ್ಗೆ ನನ್ನ ಮನಸ್ಸಿನಲ್ಲಿದ್ದ ಅಳುಕು ಹೋಯಿತು.

ಗಾಲಿ ಯಾಕೆ ಬದಲಿಸಬೇಕು? ಹೊರದೇಶದಲ್ಲಿ ಈ ಅಳತೆಯ ಟೈರು ಸಿಗುವುದು ಕಷ್ಟ, ಅದಕ್ಕೇ ಬದಲಿಸುತ್ತಾರೆ. ನಮ್ಮಲ್ಲಿ ಆ ತೊಂದರೆ ಇಲ್ಲ. 28×1½ ಟೈರು ಹಳ್ಳಿಯ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ತೊಂದರೆ ಇರುವುದು ಬ್ರೇಕಿನಲ್ಲಿ. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಗೆ, ಕಡ್ಡಿಗಳು ಇರುವ ಕಡೆಯಿಂದ ಒತ್ತುತ್ತದೆ. ರಿಮ್ಮು ಉಕ್ಕಿನದು, ಮೇಲೆ ಕ್ರೋಮ್. ಅದು ಒದ್ದೆಯಾದರೆ ರಬ್ಬರು ಜಾರುತ್ತದೆ. ಲಿವರನ್ನು ಹ್ಯಾಂಡಲ್ಲಿಗೆ ತಾಗುವ ತನಕ ಹಿಸುಕಿದರೂ ಗಾಲಿ ಸುತ್ತುತ್ತಲೇ ಇರುತ್ತದೆ. ಮಳೆ ತಾಗದ ಜಾಗದಲ್ಲಿ ಬ್ರೇಕ್ ಇರಬೇಕು ಅಂದರೆ ಅದು ಗಾಲಿಯ ನಡುವಿನ ಗುಂಬದ, ಅಂದರೆ ಹಬ್ಬಿನ ಒಳಗೇ ಇರಬೇಕು. ಹಬ್ ಬದಲಿಸೋಣ ಅಂದರೆ ಹಳೆಯ ರಿಮ್ಮುಗಳಲ್ಲಿ ಮುಂದೆ 32, ಹಿಂದೆ 40 ತೂತು. ಇದು ಹಳೇ ಇಂಗ್ಲಿಷ್ ಪದ್ಧತಿ, ನಮ್ಮ ಕಂಪನಿಗಳೂ ಅದನ್ನೇ ಉಳಿಸಿಕೊಂಡವು. ನನಗೆ ಸಿಕ್ಕ ಹಬ್ಬುಗಳಲ್ಲಿ 36. ಹಾಗಾಗಿ ರಿಮ್ಮೂ ಹೊಸದೇ ಬೇಕಾಯಿತು.

ಗೇರಿಗೆ ಮೊದಲು ಹೊಳೆದದ್ದು ಈಗಿನ ಸೈಕಲ್ಲಿನ ಹಾಗೆ ಹಿಂದೆ ಆರೇಳು ಚಕ್ರ ಜೋಡಿಸುವುದು. ಎರಡೇ ದಿನದಲ್ಲಿ ಬಿಟ್ಟೆ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಸಿಗಿಸಲು ಈ ಫ್ರೇಮಿನಲ್ಲಿ ಜಾಗ ಇಲ್ಲ. ಹಿಂದಿನ ಎರಡು ಕಾಲುಗಳ ನಡುವೆ ಅಷ್ಟು ಅಗಲವೂ ಇಲ್ಲ. ನಮ್ಮ ಕೆಂಪು ಕೆಸರಿನಲ್ಲಿ ಅದು ಬಾಳುವುದೂ ಇಲ್ಲ. ಹಬ್ಬಿನ ಒಳಗೇ ಇರುವ ಗೇರು ಇದಕ್ಕೆ ಸರಿ. ಅದರಲ್ಲೂ ಸ್ಟರ್ಮಿ-ಆರ್ಚರ್. ಆ ಕಂಪನಿಯನ್ನು 1902ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಶುರುಮಾಡಿಸಿದವರು ರ‍್ಯಾಲಿಯ ಒಡೆಯ ಫ್ರಾಂಕ್ ಬೌಡನ್. ಅಂದರೆ ಈ ಸೈಕಲ್ಲಿಗೆ ಅದು ಅಣ್ಣತಮ್ಮಂದಿರ ಮನೆಯ ಸಾಮಾನು. 1936ರಲ್ಲಿ ಅವರು ತಂದ ಎಡಬ್ಲ್ಯೂ ಎಂಬ ಮೂರು ಗೇರಿನ ಹಬ್ಬು ಲೋಕವೆಲ್ಲ ಓಡಾಡಿತು. 2000ದಲ್ಲಿ ನಾಟಿಂಗ್‌ಹ್ಯಾಮ್‌ನ ಕಾರ್ಖಾನೆ ಮುಚ್ಚಿತು. ತೈವಾನಿನ ಸನ್‌ರೇಸ್ ಕೊಂಡುಕೊಂಡಿತು. ಈಗ ಅಲ್ಲಿಂದ ಬರುತ್ತದೆ.

ನಾನು ಆರಿಸಿದ್ದು ಹಿಂದಕ್ಕೆ ಮೂರು ಗೇರಿನ ಕೋಸ್ಟರ್ ಬ್ರೇಕ್ ಹಬ್ಬು, ಮುಂದಕ್ಕೆ 70 ಮಿ.ಮೀ. ಡ್ರಮ್ ಬ್ರೇಕ್ ಹಬ್ಬು. ಡ್ರಮ್ ಅಂದರೆ ಲಿವರ್ ಎಳೆದಾಗ ಹಬ್ಬಿನ ಒಳಮೈಗೆ ಶೂ ಒತ್ತಿ ಹಿಡಿಯುವ ಬ್ರೇಕು. ಕೋಸ್ಟರ್ ಅಂದರೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೇಬಲ್ ಬೇಡ, ರಾಡ್ ಬೇಡ, ಮಳೆ ನೀರಿನ ಭಯ ಇಲ್ಲ. ನೆದರ್ಲೆಂಡ್ಸ್‌ನಲ್ಲಿರುವ ಭಾವ ರಜಕ್ಕೆ ಬರುವಾಗ ಎರಡನ್ನೂ ಬಟ್ಟೆಯ ನಡುವೆ ಸುತ್ತಿಕೊಂಡು ತಂದುಕೊಟ್ಟ. ಅಲ್ಲಿ ಇದು ದಿನಬಳಕೆಯ ಸಾಮಾನಂತೆ, ಮಳೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರೆಲ್ಲ ಇಂಥದ್ದರಲ್ಲೇ ಓಡಾಡುತ್ತಾರಂತೆ. ಕೋಸ್ಟರ್ ಬಗ್ಗೆ ಒಂದು ಎಚ್ಚರ ಹೇಳಬೇಕು. ಉದ್ದದ ಘಾಟಿ ಇಳಿಯುವುದಕ್ಕೆ ಅದು ಸಲ್ಲದು. ಹಿಡಿದುಕೊಂಡೇ ಇಳಿದರೆ ಹಬ್ಬು ಕಾದು ಒಳಗಿನ ಗ್ರೀಸು ಸುಡುತ್ತದೆ. ನಮ್ಮಲ್ಲಿ ಸಣ್ಣ ಸಣ್ಣ ಇಳಿಜಾರುಗಳು, ತೊಂದರೆ ಇಲ್ಲ. ಆಗುಂಬೆ ಇಳಿಯಲು ಇದರಲ್ಲಿ ನಾನು ಹೋಗುವುದಿಲ್ಲ. ಇನ್ನೊಂದು, ಚೈನು ಕಳಚಿದರೆ ಹಿಂದಿನ ಬ್ರೇಕೇ ಇಲ್ಲ. ಹಾಗಾಗಿ ಮುಂದಿನ ಡ್ರಮ್ಮು ಇರಲೇಬೇಕು.

ಎಷ್ಟು ಹಲ್ಲಿನ ಚಕ್ರ ಹಾಕಬೇಕು ಅಂತ ಒಂದು ಸಂಜೆ ಪೂರ್ತಿ ಲೆಕ್ಕ ಹಾಕಿದೆ. ಹಳೆಯದು ಮುಂದೆ 46, ಹಿಂದೆ 18. ಪೆಡಲ್ ಒಂದು ಸುತ್ತು ಬಂದರೆ ಗಾಲಿ ಎರಡೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ, ಸೈಕಲ್ 5.7 ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟು ರಸ್ತೆಗೆ ಅದು ಚೆಂದ. ಏರಿಗೆ ಬಹಳ ಭಾರ. ಹಬ್ಬಿನ ಒಳಗೆ ಒಂದನೇ ಗೇರು ಮುಕ್ಕಾಲು ಪಾಲು, ಎರಡನೆಯದು ಇದ್ದದ್ದು ಇದ್ದ ಹಾಗೆ, ಮೂರನೆಯದು ಒಂದೂ ಮೂರನೇ ಒಂದು ಪಾಲು. ಹಿಂದಕ್ಕೆ 22 ಹಲ್ಲು ಹಾಕಿದರೆ ಒಂದನೆಯದರಲ್ಲಿ 3.4 ಮೀಟರ್, ಎರಡರಲ್ಲಿ 4.6, ಮೂರರಲ್ಲಿ 6.1. ಅಂದರೆ ಮೂರನೇ ಗೇರು ಅಜ್ಜನ ಗೇರಿಗಿಂತ ತುಸು ಉದ್ದ, ಉಳಿದ ಎರಡೂ ಏರಿಗೆ. 20 ಹಲ್ಲು ಹಾಕಿ ಅಂತ ಕೆಲವರು ಹೇಳಿದರು. ಬೆಂಗಳೂರಿನ ರಸ್ತೆಗಾದರೆ ಸರಿ. ಕ್ಯಾರಿಯರ್ ಮೇಲೆ ಹತ್ತು ಕೆಜಿ ಅಕ್ಕಿ ಇಟ್ಟುಕೊಂಡು ಮಲೆನಾಡಿನ ಏರು ಹತ್ತುವವರಿಗೆ 22 ಬೇಕು.

ಟೈರಿನಲ್ಲಿ ಒಂದು ಸಲ ಎಡವಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆಯವರ ದುಡ್ಡಾದರೂ ಉಳಿಯಲಿ. ಹಳೆಯ ಗಾಲಿಯ ಟೈರು 28×1½. ಹೊಸ ರಿಮ್ಮಿನ ಟೈರಿನ ಮೇಲೆ 28×1.50 ಅಂತ ಇರುತ್ತದೆ. ಒಂದೂವರೆ ಅಂದರೂ 1.50 ಅಂದರೂ ಒಂದೇ ತಾನೇ ಅಂದುಕೊಂಡೆ. ಅಲ್ಲ. ಮೊದಲನೆಯದು ಕೂರುವ ರಿಮ್ಮಿನ ಅಡ್ಡಳತೆ 635 ಮಿ.ಮೀ., ಎರಡನೆಯದು 622. ಹದಿಮೂರು ಮಿಲಿಮೀಟರ್ ವ್ಯತ್ಯಾಸ. ಮನೆಯಲ್ಲಿದ್ದ ಹೊಸ 28×1½ ಟೈರನ್ನು ಆ ರಿಮ್ಮಿಗೆ ಹಾಕಿದೆ. ಬಹಳ ಸಲೀಸಾಗಿ ಕೂತಿತು. ಆಗಲೇ ಅನುಮಾನ ಬರಬೇಕಿತ್ತು. ಅರ್ಧ ಗಾಳಿ ಹೊಡೆಯುವಷ್ಟರಲ್ಲಿ ಟೈರು ಒಂದು ಪಕ್ಕಕ್ಕೆ ಜಾರಿ, ಟ್ಯೂಬು ಹೊರಗೆ ಬಂದು ಢಮ್ ಅಂತ ಒಡೆಯಿತು. ಅಂದಿನಿಂದ ಟೈರಿನ ಪಕ್ಕದಲ್ಲಿ ಅಡ್ಡಗೆರೆ ಹಾಕಿ ಬರೆದ ಸಂಖ್ಯೆಯನ್ನೇ ನೋಡುತ್ತೇನೆ. 40-635 ಅಂದರೆ ಅಜ್ಜನ ಗಾಲಿಗೆ. 40-622 ಅಂದರೆ ಹೊಸ ಗಾಲಿಗೆ. ಇಂಚನ್ನು ನಂಬಬೇಡಿ.

ಟ್ಯೂಬಿನ ಮಟ್ಟಿಗೆ ಮಾತ್ರ ಒಳ್ಳೆಯ ಸುದ್ದಿ ಇದೆ. ಹಳ್ಳಿ ಅಂಗಡಿಯ 28×1½ ಟ್ಯೂಬು ಈ ಹೊಸ ಟೈರಿನೊಳಗೂ ಸರಿಯಾಗಿ ಕೂರುತ್ತದೆ, ರಬ್ಬರು ಅಷ್ಟು ಹೊಂದಿಕೊಳ್ಳುತ್ತದೆ. ಆದರೆ ರಿಮ್ಮಿನ ವಾಲ್ವ್ ತೂತು ದೊಡ್ಡದಿರಬೇಕು. ರೇಸ್ ಸೈಕಲ್ಲಿನ ಸಣ್ಣ ವಾಲ್ವಿಗೆ ಮಾಡಿದ ತೂತಿನಲ್ಲಿ ನಮ್ಮ ವಾಲ್ ಟ್ಯೂಬಿನ ದಪ್ಪ ವಾಲ್ವು ಹೋಗುವುದಿಲ್ಲ. ರಿಮ್ಮು ಕೊಳ್ಳುವಾಗಲೇ ದೊಡ್ಡ ತೂತಿನದನ್ನು ಕೇಳಿ ತೆಗೆದುಕೊಂಡೆ. ಇಕ್ಕೇರಿಯಲ್ಲಿ ಪಂಕ್ಚರ್ ಆದರೂ ಮನೆಗೆ ಬರಬಹುದು.

ಗಾಲಿ ಕಟ್ಟುವುದನ್ನು ನಾನೇ ಕಲಿಯಬೇಕು ಅಂತ ಇತ್ತು. ಮೇಸ್ತ್ರಿಯ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಮೂರು ಸಂಜೆ ಕೂತೆ. ಒಂದು ಗಾಲಿಗೆ 36 ಕಡ್ಡಿ. ಪ್ರತಿ ಕಡ್ಡಿಯೂ ರಿಮ್ಮು ಮುಟ್ಟುವಷ್ಟರಲ್ಲಿ ಬೇರೆ ಮೂರು ಕಡ್ಡಿಗಳನ್ನು ದಾಟಬೇಕು. ಮೂರನೆಯದನ್ನು ದಾಟುವಾಗ ಮಾತ್ರ ನೇಯ್ದ ಹಾಗೆ ಅದರ ಕೆಳಗಿನಿಂದ ತರಬೇಕು. ಡ್ರಮ್ ಹಬ್ಬಿನ ಪಕ್ಕದ ತಟ್ಟೆ ದೊಡ್ಡದು, ಹಾಗಾಗಿ ಮುಂದಿನ ಕಡ್ಡಿ ಗಿಡ್ಡ. ಇದನ್ನು ಮೊದಲೇ ಅಳೆದು ತರಿಸಿದ್ದೆ. ಡ್ರಮ್ ಹಬ್ಬಿಗೆ ಕಡ್ಡಿಯನ್ನು ನೇರವಾಗಿ ಕಟ್ಟಬಾರದು, ದಾಟಿಸಿಯೇ ಕಟ್ಟಬೇಕು. ಬ್ರೇಕ್ ಹಿಡಿದಾಗ ಹಬ್ಬು ರಿಮ್ಮನ್ನು ತಡೆಯುವುದು ಆ ಓರೆ ಕಡ್ಡಿಗಳಿಂದಲೇ.

ಬೆಂಡ್ ತೆಗೆಯುವುದನ್ನು ನೋಡಬೇಕಿತ್ತು ನೀವು. ಗಾಲಿಯನ್ನು ಹಳೇ ಫೋರ್ಕಿನಲ್ಲಿ ತಲೆಕೆಳಗಾಗಿ ಸಿಗಿಸಿದರು. ಒಂದು ತುಂಡು ಸೀಮೆಸುಣ್ಣವನ್ನು ರಿಮ್ಮಿನ ಪಕ್ಕಕ್ಕೆ ತಾಗಿಯೂ ತಾಗದ ಹಾಗೆ ಹಿಡಿದರು. ಗಾಲಿ ತಿರುಗಿತು. ಉಬ್ಬಿದ ಕಡೆ ಮಾತ್ರ ಬಿಳಿ ಗೆರೆ ಬಿತ್ತು. ಅಲ್ಲಿ ಎದುರು ಬದಿಯ ಕಡ್ಡಿಯ ನಟ್ಟನ್ನು, ಅಂದರೆ ನಿಪ್ಪಲ್ಲನ್ನು, ಕಾಲು ಸುತ್ತು ಬಿಗಿ, ಈ ಬದಿಯದನ್ನು ಕಾಲು ಸುತ್ತು ಸಡಿಲ. ಗೆರೆ ಒರೆಸಿ ಮತ್ತೆ ತಿರುಗಿಸು. ನಾನು ಅರ್ಧ ಸುತ್ತು ತಿರುಗಿಸಿದರೆ ಕೈಮೇಲೆ ಮೆಲ್ಲಗೆ ಹೊಡೆಯುತ್ತಿದ್ದರು. "ಅವಸರ ಬೇಡ ಮಾರಾಯ, ಅದಕ್ಕೂ ಸಮಯ ಕೊಡು." ಕೊನೆಗೆ ಉಗುರಿನಲ್ಲಿ ಕಡ್ಡಿಗಳನ್ನು ಒಂದೊಂದೇ ಮೀಟಿದರು. ಒಂದೇ ಸ್ವರ ಬರಬೇಕು. ಒಂದು ಕಡ್ಡಿ ಮಂದ್ರಕ್ಕೆ ಹೋಯಿತು. ಕಣ್ಣಿಗೆ ಏನೂ ಕಾಣದಿದ್ದರೂ ಅದು ಸಡಿಲ ಇತ್ತು. ಗೆರೆ ರಿಮ್ಮಿನ ಸುತ್ತಲೂ ಒಂದೇ ಸಮ ಬಿದ್ದಾಗ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು, ಎರಡನೇ ಗಾಲಿ ನೀನೇ ಮಾಡು ಅಂದರು. ಅದಕ್ಕೆ ನನಗೆ ನಾಲ್ಕು ಗಂಟೆ ಹಿಡಿಯಿತು. ಅವರಿಗೆ ನಲವತ್ತು ನಿಮಿಷ.

ಗಾಲಿಯನ್ನು ಫ್ರೇಮಿಗೆ ಕೂರಿಸುವುದು ಹಿಂದೆ ಸುಲಭ ಆಯಿತು. ಫ್ರೇಮಿನ ಅಗಲ 114 ಮಿ.ಮೀ., ಹಬ್ಬಿನದು 118. ಹಳೇ ಉಕ್ಕು, ಕೈಯಲ್ಲಿ ಎಳೆದರೆ ನಾಲ್ಕು ಮಿಲಿಮೀಟರ್ ಅಗಲವಾಗುತ್ತದೆ. ಮುಂದೆ ಹಾಗಲ್ಲ. ಫೋರ್ಕು 93, ಹಬ್ಬು 100. ಉದ್ದದ ಥ್ರೆಡ್ ರಾಡಿಗೆ ಎರಡು ಕಡೆ ನಟ್ಟು ಹಾಕಿ ಒಳಗಿನಿಂದ ನಿಧಾನಕ್ಕೆ ಅಗಲಿಸಿದೆ. ಉಕ್ಕು ಹಿಂದಕ್ಕೆ ಬರುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಅಗಲಿಸಿ, ಬಿಟ್ಟು, ಅಳೆದು, ಮತ್ತೆ ಅಗಲಿಸಿ ಹೀಗೆ ಐದಾರು ಸಲ. ಎರಡೂ ಕಾಲು ಸಮ ಬಾಗಿದೆಯಾ ಅಂತ ಮೇಲಿನಿಂದ ದಾರ ಎಳೆದು ನೋಡುತ್ತಿದ್ದೆ. ಒಂದು ಕಾಲು ಮಾತ್ರ ಬಾಗಿದರೆ ಸೈಕಲ್ ಕೈಬಿಟ್ಟ ಕೂಡಲೇ ಒಂದು ಕಡೆ ಎಳೆಯುತ್ತದೆ.

ಆಮೇಲೆ ನನ್ನ ಕಟ್ಟುಪಾಡು ಮುರಿಯುವ ಸಂದರ್ಭ ಬಂತು. ಮುಂದಿನ ಹೊಸ ಹಬ್ಬಿನ ಆಕ್ಸಲ್, ಅಂದರೆ ಗಾಲಿಯ ಅಚ್ಚು, ಸುಮಾರು 9 ಮಿ.ಮೀ. ಅಜ್ಜನ ಫೋರ್ಕಿನ ಸೀಳು 8. ಎರಡು ದಿನ ಸುಮ್ನೆ ಕೂತೆ. ಆಕ್ಸಲ್ಲನ್ನೇ ಅರೆಯಬಹುದಾ ಅಂತ ಯೋಚಿಸಿದೆ. ಆದರೆ ಅದರ ಮೇಲೆ ಬ್ರೇಕಿನ ಭಾರ ಬೀಳುತ್ತದೆ, ಅದನ್ನು ತೆಳ್ಳಗೆ ಮಾಡುವುದು ತಪ್ಪು. ಕೊನೆಗೆ ಸಣ್ಣ ಅರ ತೆಗೆದುಕೊಂಡು ಸೀಳಿನ ಎರಡೂ ಮೈಯನ್ನು ಅರ್ಧರ್ಧ ಮಿಲಿಮೀಟರ್ ಉಜ್ಜಿದೆ. ಪ್ರತಿ ಹತ್ತು ಉಜ್ಜಿಗೆ ಒಮ್ಮೆ ಆಕ್ಸಲ್ ಇಟ್ಟು ನೋಡಿದೆ. ಕಪ್ಪು ಬಣ್ಣದ ಕೆಳಗೆ ಹೊಳೆಯುವ ಹೊಸ ಉಕ್ಕು ಕಂಡಿತು. ಮನಸ್ಸಿಗೆ ಹಿತ ಆಗಲಿಲ್ಲ. ಹಳೆಯ ಆಕ್ಸಲ್ ಅದರಲ್ಲಿ ಇವತ್ತಿಗೂ ಕೂರುತ್ತದೆ, ನಟ್ಟು ಬಿಗಿದರೆ ಅಲುಗುವುದಿಲ್ಲ. ಅದನ್ನು ಹಾಕಿ ನೋಡಿಯೇ ಮುಂದುವರಿದೆ.

ಎರಡೂ ಹಬ್ಬಿಗೆ ಒಂದೊಂದು ತಡೆಕೈ ಇದೆ. ಬ್ರೇಕ್ ಹಿಡಿದಾಗ ಹಬ್ಬಿನ ಒಳಭಾಗ ತಾನೂ ತಿರುಗಲು ನೋಡುತ್ತದೆ. ಅದನ್ನು ಈ ತಡೆಕೈ ಫ್ರೇಮಿಗೆ ಕಟ್ಟಿ ಹಿಡಿಯುತ್ತದೆ. ತಡೆಕೈಯನ್ನು ಫ್ರೇಮಿಗೆ ಬಿಗಿಯುವ ಪಟ್ಟಿಯ ಕೆಳಗೆ ಹಳೇ ಟ್ಯೂಬಿನ ತುಂಡು ಇಟ್ಟೆ, ಬಣ್ಣ ಉಳಿಯಲಿ ಅಂತ. ಹಿಂದಿನ ಆಕ್ಸಲ್ ತಿರುಗದಂತೆ ತಡೆಯುವ ಮೂತಿಯ ವಾಷರುಗಳಿವೆ. ಅವನ್ನು ಬಿಟ್ಟು ಕೂರಿಸಿದರೆ ಮೊದಲ ಏರಿನಲ್ಲೇ ಆಕ್ಸಲ್ ಸುತ್ತಿ ಗೇರು ಕೆಡುತ್ತದೆ.

ಹ್ಯಾಂಡಲ್ ನನಗೆ ನಿಜಕ್ಕೂ ನೋವು ಕೊಟ್ಟ ಕೆಲಸ. ಹಳೇ ರೋಡ್‌ಸ್ಟರಿನ ಮುಖವೇ ಆ ಹ್ಯಾಂಡಲ್ಲು. ಹಿಡಿಕೆಯ ಕೆಳಗೆ ಅದರ ಬಾಗಿಗೆ ಸರಿಯಾಗಿ ಬಾಗಿದ ಬ್ರೇಕ್ ಲಿವರು, ಅಲ್ಲಿಂದ ಇಳಿಯುವ ತೆಳ್ಳನೆಯ ರಾಡುಗಳು, ಸಣ್ಣ ಸಣ್ಣ ಕೀಲು. ಕಲ್ಲು ರಸ್ತೆಯಲ್ಲಿ ಅವು ಮಾಡುವ ಗಿಲಗಿಲ ಸದ್ದಿಗೇ ಅಜ್ಜ ಬಂದರು ಅಂತ ಗೊತ್ತಾಗುತ್ತಿತ್ತು. ಅದನ್ನು ಉಳಿಸಲು ಎರಡು ವಾರ ಒದ್ದಾಡಿದೆ. ಹಳೇ ಲಿವರಿನ ರಾಡಿಗೆ ಕೇಬಲ್ ಕಟ್ಟಿ ಡ್ರಮ್ಮನ್ನು ಎಳೆಸಿದೆ. ಎಳೆಯಿತು, ಆದರೆ ಗಾಲಿ ನಿಲ್ಲುವಷ್ಟು ಬಲ ಬರಲಿಲ್ಲ. ಬೇರೆ ಲಿವರ್ ಹಾಕೋಣ ಅಂದರೆ ಹಿಡಿಕೆಯ ಉದ್ದಕ್ಕೂ ಹಳೆಯದೇ ಇದೆ, ಜಾಗ ಇಲ್ಲ. ಬ್ರೇಕಿನ ವಿಷಯದಲ್ಲಿ ಚೆಂದಕ್ಕೆ ಸೋಲಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. ಅದೇ ಬಾಗಿನ ಬರೀ ಹ್ಯಾಂಡಲ್ ಒಂದು ಶಿವಮೊಗ್ಗದಲ್ಲಿ ಸಿಕ್ಕಿತು. ಬಲಗಡೆಗೆ ಮುಂದಿನ ಬ್ರೇಕು, ಎಡಗಡೆಗೆ ಗೇರು. ಹಳೇ ಹ್ಯಾಂಡಲ್ಲು, ರಾಡು, ಸ್ಪ್ರಿಂಗು, ರಬ್ಬರು ಎಲ್ಲಕ್ಕೂ ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ, ಹೆಸರು ಬರೆದು ಅಟ್ಟದಲ್ಲಿಟ್ಟಿದ್ದೇನೆ. ಎರಡು ಗಾಲಿಗಳು ಪಕ್ಕದಲ್ಲೇ ನೇತಾಡುತ್ತಿವೆ.

ಚೈನು ಮಾಮೂಲಿ ಅಂಗಡಿಯದೇ. ಕೊಕ್ಕರೆ ಚಕ್ರ ಸ್ವಲ್ಪ ವಾರೆ ಇದೆ, ಒಂದು ಕಡೆ ಬಂದಾಗ ಚೈನು ಬಿಗಿ, ಇನ್ನೊಂದು ಕಡೆ ಸಡಿಲ. ಬಿಗಿಯಾದ ಜಾಗದಲ್ಲಿ ಒಂದು ಸೆಂಟಿಮೀಟರ್ ಆಡುವಷ್ಟು ಬಿಟ್ಟು ಗಾಲಿ ಬಿಗಿದೆ. ಕಾಟರ್ ಪಿನ್ನು ಹೊಸದು. ಅದರ ಚಪ್ಪಟೆ ಮೈಗೆ ಕಾಡಿಗೆ ಹಚ್ಚಿ ತೂರಿಸಿ, ಹೊರಗೆ ತೆಗೆದು, ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಅರದಿಂದ ಉಜ್ಜಿದರು ಮೇಸ್ತ್ರಿ. ಪೂರ್ತಿ ಮೈಯ ಕಾಡಿಗೆ ಅಳಿಸುವ ತನಕ. ಎರಡು ಕಡೆಯ ಪಿನ್ನೂ ಒಂದಕ್ಕೊಂದು ತಿರುಗುಮುರುಗಾಗಿ ಕೂರಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಗೆ ಬರುವುದಿಲ್ಲ.

ಗೇರ್ ಹೊಂದಿಸುವುದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಲಿವರನ್ನು ಎರಡಕ್ಕೆ ಇಡಬೇಕು. ಬಲಗಡೆಯ ನಟ್ಟಿನಲ್ಲಿ ಒಂದು ಕಿಟಕಿ ಇದೆ. ಅದರೊಳಗೆ ಗೇರಿನ ಸಣ್ಣ ಸರಪಣಿ ಹಿಡಿದ ಕಡ್ಡಿಯ ಭುಜ ಆಕ್ಸಲ್ ತುದಿಗೆ ಸರಿಸಮ ಕಂಡರೆ ಹೊಂದಿತು ಎಂದರ್ಥ. ಹೆಚ್ಚುಕಡಿಮೆ ಇದ್ದರೆ ಕೇಬಲ್ಲಿನ ತಿರುಪು ತಿರುಗಿಸಿದರಾಯಿತು. ಟಾರ್ಚು ಹಿಡಿದು ನೋಡಲು ಮಗಳನ್ನು ಕೂರಿಸಿಕೊಂಡೆ. ಅವಳೇ ಸಮ ಬಂತು ಅಪ್ಪಾ ಅಂದಳು.

ಮೊದಲ ಸವಾರಿ ಗಣಪತಿ ಕೆರೆಯ ಸುತ್ತ. ಕೆಲಸ ಇದ್ದದ್ದು ಕಾಲಿಗೆ. ನಿಲ್ಲಿಸಿದಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತಂದುಕೊಳ್ಳುವುದು ನಮಗೆಲ್ಲ ಅಭ್ಯಾಸ. ಕೋಸ್ಟರಿನಲ್ಲಿ ಹಿಂದಕ್ಕೆ ಅಂದರೆ ಬ್ರೇಕು, ಗಾಲಿ ಹಾಗೇ ಕಚ್ಚಿ ನಿಲ್ಲುತ್ತದೆ. ನಿಲ್ಲುವ ಮೊದಲೇ ಬಲಗಾಲು ಮೇಲಿರುವಂತೆ ನೋಡಿಕೊಳ್ಳುವುದನ್ನು ಕಲಿಯಲು ನಾಲ್ಕು ದಿನ ಬೇಕಾಯಿತು. ಡ್ರಮ್ ಬ್ರೇಕು ಮೊದಲ ವಾರ ಸಪ್ಪೆಯಾಗಿತ್ತು. ಒಳಗಿನ ಶೂ ಡ್ರಮ್ಮಿಗೆ ಒಗ್ಗಬೇಕು. ಸಣ್ಣ ಇಳಿಜಾರಿನಲ್ಲಿ ಮೂವತ್ತು ನಲವತ್ತು ಸಲ ಹಿಡಿದು ಬಿಟ್ಟ ಮೇಲೆ ಕಚ್ಚಲು ಶುರುವಾಯಿತು.

ತೂಕ ಕಡಿಮೆ ಆಗುತ್ತದೆ ಅಂದುಕೊಂಡಿದ್ದರೆ ಅದು ಆಗಲಿಲ್ಲ. ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ, ಅರ್ಧ ಕೆಜಿಯೂ ಇಳಿದಿಲ್ಲ. ರಿಮ್ಮಿನಲ್ಲಿ ಉಳಿದದ್ದು ಹಬ್ಬಿನಲ್ಲಿ ಬಂದು ಕೂತಿದೆ. ಆದರೆ ಭಾರ ಗಾಲಿಯ ಅಂಚಿನಿಂದ ನಡುವಿಗೆ ಬಂದಿರುವುದರಿಂದ ನಿಂತಲ್ಲಿಂದ ಹೊರಡುವುದು ಹಗುರ ಅನ್ನಿಸುತ್ತದೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಪೇಟೆಯಿಂದ ಬರುವಾಗ ಊರಿನ ಮೊದಲ ಏರಿನಲ್ಲಿ ಒಂದನೇ ಗೇರಿಗೆ ಹಾಕಿದೆ. ಕಾಲು ಬೇಗ ಬೇಗ ತಿರುಗಿತು, ಸೈಕಲ್ ನಿಧಾನಕ್ಕೆ ಹತ್ತಿತು, ಒಳಗಿನಿಂದ ಟಿಕ್ ಟಿಕ್ ಸದ್ದು. ಮೇಲೆ ಹೋಗಿ ಆ ಕಡೆ ನೋಡಿದರೆ ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಅಜ್ಜ ಇಳಿಯುತ್ತಿದ್ದದ್ದು ಅಲ್ಲೇ, ಹಲಸಿನ ಮರದ ಹತ್ತಿರ. ನಾನು ಬಲಗೈಯಲ್ಲಿ ಸ್ವಲ್ಪ, ಹಿಂದಿನ ಪೆಡಲಿನಲ್ಲಿ ಸ್ವಲ್ಪ ಹಿಡಿದುಕೊಂಡು ಕೂತೇ ಇಳಿದೆ. ಕೆಳಗಿನ ಮೋರಿಯ ಹತ್ತಿರ ನಿಲ್ಲಿಸಬೇಕು ಅಂದುಕೊಂಡ ಜಾಗದಲ್ಲೇ ನಿಂತಿತು. ರೇನ್‌ಕೋಟಿನೊಳಗೆ ನೀರು ಹೋಗಿತ್ತು. ಗಮನಕ್ಕೇ ಬರಲಿಲ್ಲ.

ನೂರು ಕಿಲೋಮೀಟರ್ ಆದ ಮೇಲೆ ಎಡಗಡೆಯ ಪೆಡಲಿನಲ್ಲಿ ಕಟಕ್ ಅಂತ ಸದ್ದು ಬಂತು. ಕಾಟರ್ ಪಿನ್ನು ಇನ್ನೂ ಒಳಗೆ ಕೂತುಕೊಳ್ಳುತ್ತಿತ್ತು. ಸಣ್ಣ ಏಟು ಕೊಟ್ಟು ನಟ್ಟನ್ನು ಅರ್ಧ ಸುತ್ತು ಬಿಗಿದೆ, ನಿಂತಿತು. ಬ್ರೂಕ್ಸ್ ಸೀಟಿನ ಚರ್ಮ ಒಂದು ಕಡೆ ಬಿರಿದಿದೆ, ಮಳೆಗಾಲ ಮುಗಿಯುವ ತನಕ ಪ್ಲಾಸ್ಟಿಕ್ ಕವರು ಹಾಕಿದ್ದೇನೆ. ಸೀಟಿನ ಕಂಬಕ್ಕೆ ಪೌಡರ್ ಡಬ್ಬದ ಅದೇ ತಗಡನ್ನು ಮತ್ತೆ ಸುತ್ತಿದೆ.